ಫೇರ್‌ಫರ್ಡ್‌ನ ಸಂತ ಮೇರಿ ಚರ್ಚ್: ಐದು ಶತಮಾನ ಒಡೆಯದೆ ಉಳಿದ ಗಾಜಿನ ಗ್ರಂಥ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದಲ್ಲಿರುವ ಫೇರ್‌ಫರ್ಡ್ ಒಂದು ಸಣ್ಣ ಪೇಟೆ. ಕಾಟ್ಸ್‌ವೋಲ್ಡ್ ದಿಣ್ಣೆಗಳ ಇಳಿಜಾರು ಮುಗಿದು ಬಯಲು ಆರಂಭವಾಗುವ ಕಡೆ, ಕೋಲ್ನ್ ಎಂಬ ಕಿರುನದಿಯ ದಂಡೆಯಲ್ಲಿದೆ. ಈ ಪೇಟೆಯ ಹೆಸರು ಕಲೆಯ ಇತಿಹಾಸದಲ್ಲಿ ಸ್ಥಾನ ಪಡೆದಿರುವುದು ಅಲ್ಲಿನ ಸಂತ ಮೇರಿ ಚರ್ಚಿನಿಂದ. 15ನೇ ಶತಮಾನದ ಕೊನೆಯಲ್ಲಿ ಮರುನಿರ್ಮಾಣಗೊಂಡ ಈ ಚರ್ಚಿನ 28 ಕಿಟಕಿಗಳಲ್ಲೂ ಅಂದಿನ ವರ್ಣಗಾಜಿನ ಚಿತ್ರಗಳು ಇಂದಿಗೂ ಇವೆ. ಇಂಗ್ಲೆಂಡಿನ ಪ್ಯಾರಿಷ್ ಚರ್ಚುಗಳಲ್ಲಿ, ಅಂದರೆ ಒಬ್ಬ ಪಾದ್ರಿಯ ಸುಪರ್ದಿಗೆ ಒಳಪಟ್ಟ ಊರಿನ ಜನರ ಸಾಮಾನ್ಯ ಪ್ರಾರ್ಥನಾ ಮಂದಿರಗಳಲ್ಲಿ, ಮಧ್ಯಯುಗದ ಗಾಜು ಇಷ್ಟು ಸಂಪೂರ್ಣವಾಗಿ ಉಳಿದಿರುವುದು ಇದೊಂದರಲ್ಲಿ ಮಾತ್ರ.

ಈ ಮಾತಿನ ತೂಕ ತಿಳಿಯಬೇಕಾದರೆ ಒಂದು ಸಂಗತಿಯನ್ನು ನೆನಪಿಡಬೇಕು. ಫೇರ್‌ಫರ್ಡ್ ಅಂದಿನ ಕಾಲಕ್ಕೆ ಅಪವಾದವೇನೂ ಆಗಿರಲಿಲ್ಲ. 1500ರ ಸುಮಾರಿಗೆ ಇಂಗ್ಲೆಂಡಿನ ಅನುಕೂಲಸ್ಥ ಊರುಗಳ ಚರ್ಚುಗಳೆಲ್ಲ ಬಣ್ಣದ ಗಾಜು, ಭಿತ್ತಿಚಿತ್ರ, ಬಣ್ಣ ಬಳಿದ ವಿಗ್ರಹಗಳಿಂದ ತುಂಬಿದ್ದವು. ಮುಂದಿನ ಒಂದೂವರೆ ಶತಮಾನದಲ್ಲಿ ಅವುಗಳಲ್ಲಿ ಬಹುಪಾಲು ನಾಶವಾದವು. ಆದ್ದರಿಂದ ಒಂದು ಕಾಲದಲ್ಲಿ ಸರ್ವಸಾಧಾರಣವಾಗಿದ್ದುದನ್ನು ಇಡಿಯಾಗಿ ನೋಡಲು ಇಂದು ಇರುವುದು ಈ ಒಂದೇ ಕಟ್ಟಡ.

ಉಣ್ಣೆಯ ಹಣ

ಕಾಟ್ಸ್‌ವೋಲ್ಡ್ ಪ್ರದೇಶ ಮಧ್ಯಯುಗದಲ್ಲಿ ಕುರಿಗಳ ನಾಡು. ಅಲ್ಲಿನ ನೀಳ ಉಣ್ಣೆಗೆ ಫ್ಲಾಂಡರ್ಸ್ ಮತ್ತು ಇಟಲಿಯ ನೇಕಾರ ನಗರಗಳಲ್ಲಿ ಅಪಾರ ಬೇಡಿಕೆಯಿತ್ತು. ಈ ವ್ಯಾಪಾರದಿಂದ ಹಣವಂತರಾದವರು ತಮ್ಮ ಊರಿನ ಹಳೆಯ ಚರ್ಚುಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಿದರು. ನಾರ್ತ್‌ಲೀಚ್, ಚಿಪ್ಪಿಂಗ್ ಕ್ಯಾಂಪ್ಡನ್ ಮೊದಲಾದ ಊರುಗಳ ಭವ್ಯ ಚರ್ಚುಗಳು ಹುಟ್ಟಿದ್ದು ಹೀಗೆ. ಇಂಗ್ಲಿಷರು ಇವುಗಳನ್ನು ಇಂದಿಗೂ ಉಣ್ಣೆ ಚರ್ಚುಗಳೆಂದೇ ಕರೆಯುತ್ತಾರೆ.

ಫೇರ್‌ಫರ್ಡ್‌ನಲ್ಲಿ ಈ ಕೆಲಸಕ್ಕೆ ಕೈಹಾಕಿದವನು ಜಾನ್ ಟೇಮ್ ಎಂಬ ಉಣ್ಣೆ ವ್ಯಾಪಾರಿ. ಊರಿನ ಜಮೀನ್ದಾರಿಕೆ ಅದುವರೆಗೆ ವಾರಿಕ್ ಅರ್ಲ್‌ಗಳ ಮನೆತನದಲ್ಲಿದ್ದು, ಆ ಮನೆತನ ಗುಲಾಬಿ ಯುದ್ಧಗಳಲ್ಲಿ ನೆಲೆ ಕಳೆದುಕೊಂಡ ಬಳಿಕ ದೊರೆ ಏಳನೆಯ ಹೆನ್ರಿಯ ವಶಕ್ಕೆ ಬಂದಿತ್ತು. ಟೇಮ್ ಹಳೆಯ ಗೋಪುರದ ಕೆಳಭಾಗವನ್ನು ಉಳಿಸಿಕೊಂಡು ಉಳಿದ ಕಟ್ಟಡವನ್ನು ಹೊಸದಾಗಿ ಕಟ್ಟಿಸತೊಡಗಿದ. 1497ರಲ್ಲಿ ಚರ್ಚ್ ಪ್ರತಿಷ್ಠಾಪನೆಗೊಂಡಿತು. 1500ರಲ್ಲಿ ಟೇಮ್ ತೀರಿಕೊಂಡ. ಉಳಿದ ಕೆಲಸವನ್ನು ಅವನ ಮಗ ಎಡ್ಮಂಡ್ ಟೇಮ್ ಪೂರೈಸಿದ. ಎಂಟನೆಯ ಹೆನ್ರಿಯ ಕಾಲದಲ್ಲಿ ದೇಶವನ್ನು ಸುತ್ತಿ ಟಿಪ್ಪಣಿ ಬರೆದಿಟ್ಟ ಜಾನ್ ಲೇಲ್ಯಾಂಡ್ ಕೂಡ ತಂದೆ ಆರಂಭಿಸಿದ್ದನ್ನು ಮಗ ಮುಗಿಸಿದನೆಂದೇ ದಾಖಲಿಸಿದ್ದಾನೆ. ಎಡ್ಮಂಡ್ ಮುಂದೆ ನೈಟ್ ಪದವಿ ಪಡೆದು, ಸಮೀಪದ ರೆಂಡ್‌ಕೂಂಬ್‌ನಲ್ಲಿ ಇನ್ನೊಂದು ಚರ್ಚನ್ನೂ ಕಟ್ಟಿಸಿದ.

ಕಟ್ಟಡ

ಚರ್ಚಿನ ವಾಸ್ತು ಇಂಗ್ಲಿಷ್ ಗೋಥಿಕ್‌ನ ಕೊನೆಯ ಹಂತಕ್ಕೆ ಸೇರಿದ್ದು. ನೇರ ಲಂಬರೇಖೆಗಳ ಪ್ರಾಧಾನ್ಯದಿಂದಾಗಿ ಇದಕ್ಕೆ ಪರ್‌ಪೆಂಡಿಕ್ಯುಲರ್ ಶೈಲಿ ಎಂಬ ಹೆಸರು ಬಂದಿದೆ. ಈ ಶೈಲಿಯಲ್ಲಿ ಗೋಡೆ ಕಡಿಮೆ, ಕಿಟಕಿ ಹೆಚ್ಚು. ಭಾರವನ್ನು ಕಂಬಗಳೂ ಹೊರಗಿನ ಆಸರೆಗೋಡೆಗಳೂ ಹೊತ್ತುಕೊಳ್ಳುವುದರಿಂದ ನಡುವಿನ ಜಾಗವನ್ನೆಲ್ಲ ಗಾಜಿಗೆ ಬಿಟ್ಟುಕೊಡಬಹುದು. ಜನರು ಕೂರುವ ನಡುಅಂಕಣ, ಅದರ ಎರಡೂ ಮಗ್ಗುಲಿಗೆ ಪಕ್ಕದ ಅಂಕಣಗಳು, ಪೂರ್ವಕ್ಕೆ ಬಲಿಪೀಠದ ಅಂಕಣ, ಅದರ ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ಕಿರುಮಂದಿರ, ನಡುವೆ ಚೌಕಗೋಪುರ, ಇದು ಒಟ್ಟು ವಿನ್ಯಾಸ. ಗೋಪುರದ ಹೊರಮೈಯಲ್ಲಿ ವಾರಿಕ್ ಮನೆತನದ ಕರಡಿ ಲಾಂಛನವೂ ಹಿಂದಿನ ಒಡೆಯರ ಇತರ ಗುರಾಣಿಗಳೂ ಕಾಣುತ್ತವೆ. ಕಾಟ್ಸ್‌ವೋಲ್ಡ್‌ನ ಜೇನುಬಣ್ಣದ ಸುಣ್ಣಕಲ್ಲಿನಲ್ಲಿ ಕಟ್ಟಿದ ಈ ಮಂದಿರ ಹೊರಗಿನಿಂದ ಸುಂದರವಾದರೂ, ಅಂಥ ಚರ್ಚುಗಳು ಆ ಸೀಮೆಯಲ್ಲಿ ಇನ್ನೂ ಹಲವಿವೆ. ಇದನ್ನು ಬೇರೆಯಾಗಿಸುವುದು ಒಳಹೊಕ್ಕ ಮೇಲೆ ಕಾಣುವ ಬೆಳಕು.

ಕಿಟಕಿಗಳ ಕ್ರಮ

28 ಕಿಟಕಿಗಳನ್ನು ಒಂದೊಂದು ಬಿಡಿ ಚಿತ್ರವಾಗಿ ಯೋಜಿಸಿಲ್ಲ. ಇಡೀ ಕಟ್ಟಡವನ್ನು ಒಂದು ಗ್ರಂಥದಂತೆ ಪುಟಪುಟವಾಗಿ ಓದಬಹುದು. ಪೂಜಾವಿಧಿ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲವದು. 15ನೇ ಶತಮಾನದ ಆರಂಭದಿಂದಲೇ ಬಿಷಪ್ಪರ ಅನುಮತಿಯಿಲ್ಲದೆ ಇಂಗ್ಲಿಷಿನಲ್ಲಿ ಬೈಬಲ್ ಓದುವುದಕ್ಕೂ ಅನುವಾದಿಸುವುದಕ್ಕೂ ನಿಷೇಧವಿತ್ತು. ಅಕ್ಷರ ಬಲ್ಲವರೂ ಕಡಿಮೆ. ಹೀಗಿರುವಾಗ ಕುರಿ ಕಾಯುವವನಿಗೂ ನೂಲು ತೆಗೆಯುವವಳಿಗೂ ಧರ್ಮಕಥೆಯ ಆದ್ಯಂತ ತಿಳಿಯುತ್ತಿದ್ದುದು ಇಂಥ ಚಿತ್ರಗಳಿಂದ, ಪಾದ್ರಿಯ ಉಪದೇಶದಿಂದ.

ಕಥೆ ಉತ್ತರ ದಿಕ್ಕಿನ ಕಿಟಕಿಯೊಂದರಿಂದ ಆರಂಭವಾಗುತ್ತದೆ. ಅಲ್ಲಿ ಹಳೆಯ ಒಡಂಬಡಿಕೆಯ ನಾಲ್ಕು ಪ್ರಸಂಗಗಳಿವೆ: ಸರ್ಪನ ಮಾತಿಗೆ ಮರುಳಾಗುವ ಹವ್ವ, ಉರಿಯುವ ಪೊದೆಯ ಮುಂದೆ ಮೋಶೆ, ಗಿದ್ಯೋನ ಮತ್ತು ಅವನ ತುಪ್ಪಟ, ಸೊಲೊಮೋನನ ಭೇಟಿಗೆ ಬಂದ ಶೆಬದ ರಾಣಿ. ಮಧ್ಯಯುಗದ ವ್ಯಾಖ್ಯಾನಕಾರರ ಪ್ರಕಾರ ಇವೆಲ್ಲ ಮುಂದೆ ಮರಿಯಳ ಮತ್ತು ಕ್ರಿಸ್ತನ ಜೀವನದಲ್ಲಿ ನಡೆಯಲಿರುವುದರ ಮುನ್ಸೂಚನೆಗಳು. ಸುಡದ ಬೆಂಕಿಯೂ ಇಬ್ಬನಿಯಲ್ಲಿ ನೆನೆದ ತುಪ್ಪಟವೂ ಕನ್ಯೆಯ ಗರ್ಭದ ಸಂಕೇತಗಳು. ಕುರಿಯ ತುಪ್ಪಟದಿಂದಲೇ ಕಟ್ಟಿದ ಚರ್ಚಿನಲ್ಲಿ ಗಿದ್ಯೋನನ ತುಪ್ಪಟಕ್ಕೆ ಮೊದಲ ಕಿಟಕಿಯಲ್ಲೇ ಜಾಗ ದೊರೆತಿರುವುದು ಶಾಸ್ತ್ರಕ್ಕೂ ಒಪ್ಪುತ್ತದೆ, ವ್ಯಾಪಾರಿಗೂ ಒಪ್ಪುವಂತಿದೆ.

ಅಲ್ಲಿಂದ ಮುಂದೆ ಮರಿಯಳ ತಂದೆತಾಯಿಗಳಾದ ಯೋವಾಕೀಮ ಮತ್ತು ಅನ್ನಮ್ಮನವರ ಕಥೆ, ಮರಿಯಳ ಜನನ, ವಿವಾಹ, ದೇವದೂತನ ವಾರ್ತೆ, ಯೇಸುವಿನ ಜನನ, ಜ್ಯೋತಿಷಿಗಳ ಆಗಮನ, ಐಗುಪ್ತಕ್ಕೆ ಪಲಾಯನ ಕ್ರಮವಾಗಿ ಬರುತ್ತವೆ. ಬಲಿಪೀಠದ ಮೇಲಿರುವ ಪೂರ್ವದ ಮಹಾಕಿಟಕಿ ಯಾತನೆಯ ವಾರಕ್ಕೆ ಮೀಸಲು. ಕೆಳಸಾಲಿನಲ್ಲಿ ಯೆರೂಸಲೇಮ್ ಪ್ರವೇಶ, ತೋಟದಲ್ಲಿನ ಪ್ರಾರ್ಥನೆ, ಪಿಲಾತನ ಮುಂದೆ ವಿಚಾರಣೆ, ಕೊರಡೆಯೇಟು, ಶಿಲುಬೆ ಹೊತ್ತ ನಡಿಗೆ ಇದ್ದು, ಮೇಲ್ಭಾಗವನ್ನೆಲ್ಲ ಶಿಲುಬೆಗೇರಿಸುವ ದೃಶ್ಯ ಆವರಿಸಿದೆ. ದಕ್ಷಿಣದ ಕಡೆಗೆ ತಿರುಗಿದರೆ ಸಮಾಧಿ, ಪಾತಾಳದ ಬಾಗಿಲು ಮುರಿಯುವ ಕ್ರಿಸ್ತ, ಪುನರುತ್ಥಾನದ ನಂತರದ ದರ್ಶನಗಳು, ಗಾಯವನ್ನು ಮುಟ್ಟಿ ನೋಡುವ ತೋಮ, ಸ್ವರ್ಗಾರೋಹಣ, ಪವಿತ್ರಾತ್ಮನ ಇಳಿತ.

ಜನರು ಕೂರುವ ಭಾಗಕ್ಕೆ ಬಂದಾಗ ಕಥನ ನಿಂತು ವಾದ ಆರಂಭವಾಗುತ್ತದೆ. ದಕ್ಷಿಣದ ಗೋಡೆಯಲ್ಲಿ 12 ಮಂದಿ ಪ್ರೇಷಿತರು. ಒಬ್ಬೊಬ್ಬರ ಬಳಿಯೂ ಕ್ರೈಸ್ತ ವಿಶ್ವಾಸ ಪ್ರಮಾಣದ ಒಂದೊಂದು ವಾಕ್ಯ. ಎದುರಿನ ಉತ್ತರ ಗೋಡೆಯಲ್ಲಿ 12 ಮಂದಿ ಪ್ರವಾದಿಗಳು, ಅದೇ ಅರ್ಥವನ್ನು ಮೊದಲೇ ನುಡಿದವರಾಗಿ. ಇವರ ಪಕ್ಕದಲ್ಲಿ ನಾಲ್ವರು ಸುವಾರ್ತಿಕರು ಮತ್ತು ಅವರಿಗೆ ಇದಿರಾಗಿ ಜೆರೋಮ್, ಗ್ರೆಗೊರಿ, ಆಂಬ್ರೋಸ್, ಅಗಸ್ಟೀನ್ ಎಂಬ ನಾಲ್ವರು ಧರ್ಮಾಚಾರ್ಯರು. ಹಳೆಯದು ಹೊಸದರ ಎದುರು, ಮಾತು ಸಾಕ್ಷಿಯ ಎದುರು ಎಂಬಂತೆ ಎರಡು ಗೋಡೆಗಳು ಜನರ ತಲೆಯ ಮೇಲಿಂದ ಪರಸ್ಪರ ಸಂವಾದಿಸುತ್ತವೆ.

ಇನ್ನೂ ಮೇಲೆ, ನಡುಅಂಕಣದ ಗೋಡೆಯ ತುದಿಯಲ್ಲಿ ಬೆಳಕಿಗಾಗಿ ತೆರೆದ ಕಿಟಕಿಸಾಲಿನಲ್ಲಿ ಈ ವಿರೋಧ ಮತ್ತಷ್ಟು ತೀವ್ರವಾಗುತ್ತದೆ. ದಕ್ಷಿಣಕ್ಕೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು, ಉತ್ತರಕ್ಕೆ ಹೆರೋದ, ಯೂದ, ಕಾಯಫ ಮೊದಲಾದ 12 ಮಂದಿ ಪೀಡಕರು. ಮೊದಲಿನವರ ನೆತ್ತಿಯ ಮೇಲೆ ದೇವದೂತರು, ಎರಡನೆಯವರ ನೆತ್ತಿಯ ಮೇಲೆ ಪಿಶಾಚಿಗಳು. ಬೆಳಕು ನೇರವಾಗಿ ಬೀಳದ ಉತ್ತರ ದಿಕ್ಕನ್ನೇ ಪೀಡಕರಿಗೆ ಕೊಟ್ಟಿರುವುದು ಆಕಸ್ಮಿಕವಲ್ಲ. ಸಂತರ ಚಿತ್ರಗಳು ಎಲ್ಲೆಡೆ ಸಿಗುತ್ತವೆ. ಖಳರಿಗಾಗಿ ಇಡೀ ಕಿಟಕಿಸಾಲನ್ನು ಮೀಸಲಿಟ್ಟ ಉದಾಹರಣೆ ತೀರಾ ಅಪರೂಪ.

ಪಶ್ಚಿಮದ ತೀರ್ಪು

ಪಶ್ಚಿಮದ ಗೋಡೆಯಲ್ಲಿ ಮೂರು ತೀರ್ಪುಗಳಿವೆ. ಒಂದು ಬದಿಗೆ ದೊರೆ ಸೌಲನನ್ನು ಕೊಂದೆನೆಂದು ಹೇಳಿಕೊಂಡು ಬಂದ ಅಮಾಲೇಕ್ಯನಿಗೆ ದಾವೀದನು ವಿಧಿಸಿದ ಮರಣದಂಡನೆ. ಇನ್ನೊಂದು ಬದಿಗೆ ಒಂದೇ ಮಗುವಿಗಾಗಿ ಜಗಳವಾಡುವ ಇಬ್ಬರು ತಾಯಂದಿರ ನಡುವೆ ಸೊಲೊಮೋನನ ನ್ಯಾಯ. ನಡುವಿನ ಮಹಾಕಿಟಕಿಯಲ್ಲಿ ಲೋಕದ ಅಂತಿಮ ತೀರ್ಪು. ಮೇಲೆ ಮುಗಿಲುಬಿಲ್ಲಿನ ಮೇಲೆ ಕುಳಿತ ಕ್ರಿಸ್ತ. ಕೆಳಗೆ ನಡುವೆ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿರುವ ಮಿಕಾಯೇಲ. ಒಂದು ಕಡೆ ಸಂತ ಪೇತ್ರನು ಪುಣ್ಯವಂತರನ್ನು ಬರಮಾಡಿಕೊಳ್ಳುತ್ತಿದ್ದಾನೆ. ಇನ್ನೊಂದು ಕಡೆ ನರಕ.

ಈ ನರಕವನ್ನು ನೋಡಲೆಂದೇ ಹಲವರು ಫೇರ್‌ಫರ್ಡ್‌ಗೆ ಬರುತ್ತಾರೆ ಎಂದರೆ ತಪ್ಪಾಗದು. ಕೆಂಪು ಗಾಜಿನ ಜ್ವಾಲೆಗಳ ನಡುವೆ ಮೀನಿನ ಮೋರೆಯ, ಹೊಟ್ಟೆಯಲ್ಲೂ ಒಂದು ಮುಖವಿರುವ ಸೈತಾನ ಕುಳಿತಿದ್ದಾನೆ. ಒಂದು ಪಿಶಾಚಿ ಮುದುಕಿಯೊಬ್ಬಳನ್ನು ಒಂಟಿಗಾಲಿಯ ಕೈಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದೆ. ಸಂತೆಗೆ ಮೂಟೆ ಸಾಗಿಸುವಷ್ಟೇ ಸಹಜವಾಗಿ ಈ ಕೆಲಸ ನಡೆಯುತ್ತಿರುವುದರಿಂದ ನೋಡಿದವರಿಗೆ ಹೆದರಿಕೆಯೂ ನಗುವೂ ಒಟ್ಟಿಗೇ ಬರುತ್ತವೆ. ಪ್ರಾರ್ಥನೆಯ ಹೊತ್ತಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಜನರ ಎದುರಿಗೆ ಶಿಲುಬೆ, ಬೆನ್ನ ಹಿಂದೆ ತೀರ್ಪು. ಸಂಜೆ ಸೂರ್ಯ ಇಳಿಯುವಾಗ ನರಕದ ಕೆಂಪು ಹೊತ್ತಿಕೊಳ್ಳುತ್ತದೆ.

ಗಾಜಿನ ಕುಶಲಕರ್ಮಿಗಳು

ಚಿತ್ರಗಳನ್ನು ರಚಿಸಿದವರ ಬಗ್ಗೆ ಒಂದು ಸ್ವಾರಸ್ಯಕರ ಐತಿಹ್ಯವಿದೆ. ರೋಮ್‌ಗೆ ಗಾಜು ಸಾಗಿಸುತ್ತಿದ್ದ ಹಡಗೊಂದನ್ನು ಜಾನ್ ಟೇಮ್ ಸಮುದ್ರದಲ್ಲಿ ವಶಪಡಿಸಿಕೊಂಡನೆಂದೂ, ಆ ಗಾಜಿಗೆ ಒಪ್ಪುವಂತೆ ಚರ್ಚನ್ನೇ ಕಟ್ಟಿಸಿದನೆಂದೂ ಹಿಂದೆ ನಂಬಲಾಗಿತ್ತು. 19ನೇ ಶತಮಾನದಲ್ಲಿ ಕೆಲವರು ಈ ಚಿತ್ರಗಳನ್ನು ಜರ್ಮನಿಯ ಮಹಾನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರನೇ ರಚಿಸಿದನೆಂದು ವಾದಿಸಿ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ಎಬ್ಬಿಸಿದರು. ಎರಡಕ್ಕೂ ಆಧಾರವಿಲ್ಲ. ಕಿಟಕಿಯ ಕಲ್ಲಿನ ಚೌಕಟ್ಟಿಗೂ ಚಿತ್ರದ ಅಳತೆಗೂ ಇರುವ ಹೊಂದಾಣಿಕೆಯೇ ಗಾಜನ್ನು ಈ ಕಟ್ಟಡಕ್ಕಾಗಿ ತಯಾರಿಸಲಾಯಿತೆಂಬುದಕ್ಕೆ ಸಾಕ್ಷಿ.

1500ರಿಂದ 1517ರ ನಡುವೆ, ದೊರೆಯ ಗಾಜುಗಾರನಾಗಿದ್ದ ಬರ್ನಾರ್ಡ್ ಫ್ಲವರ್‌ನ ಕಾರ್ಯಾಗಾರದಲ್ಲಿ ಇವು ಸಿದ್ಧವಾದವೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾಗಿರುವ ಅಭಿಪ್ರಾಯ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಮಂದಿರದ ಗಾಜಿನ ಕೆಲಸ ಆರಂಭಿಸಿದವನೂ ಇವನೇ. ಫ್ಲವರ್ ಪರದೇಶದಿಂದ ಬಂದವನು. ಫ್ಲಾಂಡರ್ಸ್ ಮತ್ತು ಸುತ್ತಲಿನ ಪ್ರದೇಶಗಳಿಂದ ಬಂದ ಇಂಥ ಕುಶಲಕರ್ಮಿಗಳು ಲಂಡನ್ ನಗರದ ವೃತ್ತಿಸಂಘಗಳ ಹಿಡಿತಕ್ಕೆ ಸಿಗದಂತೆ ಥೇಮ್ಸ್ ನದಿಯಾಚೆಯ ಸದರ್ಕ್‌ನಲ್ಲಿ ನೆಲೆಸಿದ್ದರು. ತಮ್ಮ ಕೆಲಸ ಕಸಿಯುತ್ತಿದ್ದಾರೆಂದು ಲಂಡನ್‌ನ ಗಾಜುಗಾರರು ಇವರ ವಿರುದ್ಧ ದೂರಿಕೊಂಡದ್ದೂ ಉಂಟು. ಚಿತ್ರಗಳ ನಡುವೆ ವೇಲ್ಸ್ ರಾಜಕುಮಾರನ ಲಾಂಛನವಾದ ಉಷ್ಟ್ರಪಕ್ಷಿಯ ಗರಿಗಳು ಕಾಣಸಿಗುವುದರಿಂದ ಅರಮನೆಯ ನಂಟು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಲವು ಮುಖಗಳಲ್ಲಿ ಟ್ಯೂಡರ್ ರಾಜಮನೆತನದವರ ಹೋಲಿಕೆಯನ್ನು ಗುರುತಿಸಿದ ವಿದ್ವಾಂಸರೂ ಇದ್ದಾರೆ. ಇದು ಊಹೆಯ ಮಟ್ಟದಲ್ಲೇ ಉಳಿದಿದೆ.

ಅಂದಿನ ಇಂಗ್ಲೆಂಡಿನಲ್ಲಿ ಬಿಳಿಗಾಜು ಮಾತ್ರ ತಯಾರಾಗುತ್ತಿತ್ತು, ಬಣ್ಣದ ಗಾಜನ್ನು ಯೂರೋಪಿನಿಂದ ತರಿಸಬೇಕಿತ್ತು. ಕರಗಿದ ಗಾಜಿಗೆ ಲೋಹದ ಅಂಶ ಬೆರೆಸಿದರೆ ಬಣ್ಣ ಬರುತ್ತದೆ. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಕೆಂಪು. ಕೆಂಪು ಗಾಜು ದಪ್ಪವಾದರೆ ಬೆಳಕೇ ತೂರದಷ್ಟು ಕಪ್ಪಾಗುವುದರಿಂದ ಬಿಳಿಗಾಜಿನ ಮೇಲೆ ಕೆಂಪಿನ ತೆಳುಪದರ ಕೂರಿಸುತ್ತಿದ್ದರು. ಆ ಪದರವನ್ನು ಅಲ್ಲಲ್ಲಿ ಉಜ್ಜಿ ತೆಗೆದರೆ ಒಂದೇ ತುಂಡಿನಲ್ಲಿ ಕೆಂಪೂ ಬಿಳಿಯೂ ದೊರೆಯುತ್ತವೆ. ಬೆಳ್ಳಿಯ ಲವಣವನ್ನು ಲೇಪಿಸಿ ಸುಟ್ಟರೆ ನಿಂಬೆಹಳದಿಯಿಂದ ಹೊಂಬಣ್ಣದವರೆಗೆ ಛಾಯೆಗಳು ಮೂಡುತ್ತವೆ. ಕಣ್ಣು, ಗಡ್ಡ, ಬಟ್ಟೆಯ ನಿರಿಗೆಗಳನ್ನು ಗಾಜಿನ ಪುಡಿ ಬೆರೆತ ಕಪ್ಪು ಬಣ್ಣದಿಂದ ಬರೆದು, ಕುಲುಮೆಯಲ್ಲಿ ಸುಟ್ಟು, ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸಲಾಗುತ್ತಿತ್ತು. ಕಪ್ಪು ರೇಖೆಗಳೇ ಚಿತ್ರದ ಜೀವ. ಅವು ಅಳಿಸಿದರೆ ಉಳಿಯುವುದು ಬಣ್ಣದ ಚೂರುಗಳು ಮಾತ್ರ.

ಉಳಿದದ್ದು ಹೇಗೆ?

ಕೊನೆಯ ಕಿಟಕಿ ಕೂರಿಸಿ ಮೂವತ್ತು ವರ್ಷ ಕಳೆಯುವಷ್ಟರಲ್ಲೇ ಅಪಾಯ ಎದುರಾಯಿತು. ಎಂಟನೆಯ ಹೆನ್ರಿ ರೋಮ್‌ನೊಂದಿಗೆ ಸಂಬಂಧ ಕಡಿದುಕೊಂಡ. ಅವನ ಮಗ ಆರನೆಯ ಎಡ್ವರ್ಡ್‌ನ ಆಳ್ವಿಕೆಯಲ್ಲಿ, 1547ರಲ್ಲಿ ಹೊರಟ ಆಜ್ಞೆ, ಮೂಢಭಕ್ತಿಗೆ ಎಡೆಕೊಡುವ ಚಿತ್ರಗಳನ್ನು ಗೋಡೆಗಳಿಂದ ಮಾತ್ರವಲ್ಲದೆ ಗಾಜಿನ ಕಿಟಕಿಗಳಿಂದಲೂ ತೆಗೆಯಬೇಕೆಂದು ಸ್ಪಷ್ಟವಾಗಿ ಹೇಳಿತು. 1551ರಲ್ಲಿ ಗ್ಲಾಸ್ಟರ್‌ನ ಬಿಷಪ್ಪನಾಗಿ ಬಂದ ಜಾನ್ ಹೂಪರ್ ಚಿತ್ರವಿರೋಧಿಗಳಲ್ಲೇ ಉಗ್ರ. ಫೇರ್‌ಫರ್ಡ್ ಅವನ ಅಧಿಕಾರದೊಳಗೇ ಇತ್ತು. ಆದರೂ ಕಿಟಕಿಗಳನ್ನು ರಿಪೇರಿ ಮಾಡುವಾಗ ಅಥವಾ ಹೊಸದಾಗಿ ಹಾಕುವಾಗ ಸಂತರ ಚಿತ್ರ ಬರೆಯಿಸಕೂಡದು, ಬೇಕಾದರೆ ಎಲೆ ಹೂಗಳನ್ನು ಬರೆಯಿಸಬಹುದು ಎಂಬ ಬಗೆಯ ಕಟ್ಟಳೆಯನ್ನು ಅವನು ವಿಧಿಸಿದ. ಅಂದರೆ ಹಳೆಯದು ತಾನಾಗಿ ಒಡೆದುಹೋಗುವವರೆಗೆ ಕಾಯಲು ಅವನೂ ಸಿದ್ಧನಿದ್ದನೆಂದಾಯಿತು.

ಇದರ ಹಿಂದಿದ್ದುದು ಔದಾರ್ಯಕ್ಕಿಂತ ಹೆಚ್ಚಾಗಿ ಖರ್ಚಿನ ಲೆಕ್ಕ. ವಿಗ್ರಹ ಒಡೆದರೆ ಗೂಡು ಖಾಲಿಯಾಗುತ್ತದೆ, ಅಷ್ಟೇ. ಭಿತ್ತಿಚಿತ್ರಕ್ಕೆ ಸುಣ್ಣ ಬಳಿದರೆ ಮುಗಿಯಿತು. ಕಿಟಕಿ ಒಡೆದರೆ ಮಳೆಗಾಳಿ ಒಳಗೆ ನುಗ್ಗುತ್ತದೆ, ಹೊಸ ಗಾಜಿಗೆ ಊರಿನವರೇ ಹಣ ತೆರಬೇಕು. ವಿಲಿಯಂ ಹ್ಯಾರಿಸನ್ 1577ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ ಇದನ್ನೇ ಹೇಳಿದ್ದಾನೆ: ವಿಗ್ರಹಗಳೆಲ್ಲ ಹೋದವು, ಕಿಟಕಿಯ ಚಿತ್ರಗಳು ಮಾತ್ರ ಹೊಸ ಗಾಜಿನ ಅಭಾವ ಮತ್ತು ವೆಚ್ಚದ ಕಾರಣ ಉಳಿದಿವೆ, ನಿಧಾನವಾಗಿ ಅವೂ ಹೋಗುತ್ತವೆ ಎಂದು. 1560ರಲ್ಲಿ ರಾಣಿ ಎಲಿಜಬೆತ್ ಅನುಮತಿಯಿಲ್ಲದೆ ಚರ್ಚಿನ ಸ್ಮಾರಕಗಳನ್ನೂ ಗಾಜನ್ನೂ ಒಡೆಯಬಾರದೆಂದು ಘೋಷಣೆ ಹೊರಡಿಸಿದ್ದೂ ಸ್ವಲ್ಪ ರಕ್ಷಣೆ ನೀಡಿತು.

17ನೇ ಶತಮಾನದ ಮೊದಲ ಭಾಗಕ್ಕಾಗಲೇ ಫೇರ್‌ಫರ್ಡ್‌ನ ಗಾಜು ಒಂದು ವಿಸ್ಮಯವೆನಿಸಿತ್ತು. 1635ರಲ್ಲಿ ತೀರಿಕೊಂಡ ಬಿಷಪ್ ರಿಚರ್ಡ್ ಕಾರ್ಬೆಟ್ ಈ ಕಿಟಕಿಗಳನ್ನು ಕುರಿತೇ ಪದ್ಯ ಬರೆದು ಚಿತ್ರಭಂಜಕರನ್ನು ಮೂದಲಿಸಿದ. ಆದರೆ ನಿಜವಾದ ಬಿರುಗಾಳಿ ಅವನ ನಂತರ ಬಂತು. 1642ರಲ್ಲಿ ಆರಂಭವಾದ ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟು ಚಿತ್ರನಾಶಕ್ಕೆ ಮತ್ತೆ ಆದೇಶಿಸಿತು. ದೇಶದ ಪೂರ್ವ ಭಾಗದಲ್ಲಿ ವಿಲಿಯಂ ಡೌಸಿಂಗ್ ಎಂಬವನು ನೂರಾರು ಚರ್ಚುಗಳಿಗೆ ಭೇಟಿ ಕೊಟ್ಟು, ಒಡೆಸಿದ್ದನ್ನು ದಿನಚರಿಯಲ್ಲಿ ಎಣಿಸಿ ಬರೆದಿಟ್ಟ. ಫೇರ್‌ಫರ್ಡ್‌ನಲ್ಲಿ ಮಾತ್ರ ಓಲ್ಡಿಸ್‌ವರ್ತ್ ಎಂಬ ಸ್ಥಳೀಯ ಗೃಹಸ್ಥನು ಸೈನ್ಯ ಬರುವ ಮೊದಲೇ ಗಾಜನ್ನು ಬಿಚ್ಚಿಸಿ ಅಡಗಿಸಿದನೆಂದು ಊರಿನವರು ಹೇಳಿಕೊಂಡು ಬಂದಿದ್ದಾರೆ. ಈ ಮಾತು ಲಿಖಿತರೂಪಕ್ಕೆ ಬಂದದ್ದು ತಡವಾಗಿ. ಹೇಗಾದರೂ ಇರಲಿ, ಗಾಜು ಉಳಿಯಿತು.

ಮನುಷ್ಯರಿಂದ ಪಾರಾದದ್ದು ಪ್ರಕೃತಿಯಿಂದ ಪೂರ್ತಿ ಪಾರಾಗಲಿಲ್ಲ. 1703ರ ನವೆಂಬರ್ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡನ್ನು ಹಾಳುಗೆಡವಿದ ಮಹಾಬಿರುಗಾಳಿ ಪಶ್ಚಿಮದ ಗೋಡೆಗೆ ನೇರವಾಗಿ ಬಡಿದು ಅಲ್ಲಿನ ಕಿಟಕಿಗಳಿಗೆ ತೀವ್ರ ಹಾನಿ ಮಾಡಿತು. ಅಂತಿಮ ತೀರ್ಪಿನ ಮೇಲರ್ಧವನ್ನು 1860ರ ದಶಕದಲ್ಲಿ ಹೊಸ ಗಾಜಿನಿಂದ ಮರುರೂಪಿಸಲಾಯಿತು. ರೇಖೆ ಹಳೆಯದನ್ನೇ ಅನುಸರಿಸಿದೆ, ಆದರೆ ಬಣ್ಣ ಅನುಸರಿಸಿಲ್ಲ. ಕೆಳಗಿನ ನರಕದ ಆಳವಾದ ಕೆಂಪಿನ ಪಕ್ಕದಲ್ಲಿ ಮೇಲಿನ ಸ್ವರ್ಗ ಸಪ್ಪೆಯಾಗಿ, ಯಂತ್ರದಿಂದ ಬಂದಂತೆ ಕಾಣುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದೇ ಜೀರ್ಣೋದ್ಧಾರವೆಂದು ನಂಬಿದ್ದ ಕಾಲದ ಗುರುತು ಅದು.

ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಯ ಭಯದಿಂದ ಗಾಜನ್ನೆಲ್ಲ ಬಿಚ್ಚಿ ಸಮೀಪದ ಫೇರ್‌ಫರ್ಡ್ ಪಾರ್ಕ್ ಬಂಗಲೆಯ ನೆಲಮಾಳಿಗೆಯಲ್ಲಿ ಇರಿಸಲಾಯಿತು. ಯುದ್ಧ ಮುಗಿದ ಬಳಿಕ ಕಿಟಕಿಗಳು ತಮ್ಮ ಜಾಗಕ್ಕೆ ಮರಳಿದವು. ಅವುಗಳಿಗೆ ಆಶ್ರಯ ಕೊಟ್ಟ ಬಂಗಲೆಯನ್ನು 1950ರ ದಶಕದಲ್ಲಿ ಕೆಡವಲಾಯಿತು.

ಇಪ್ಪತ್ತು ವರ್ಷದ ಆರೈಕೆ

ಕಣ್ಣಿಗೆ ಕಾಣದ ಶತ್ರುವೊಂದು ಉಳಿದಿತ್ತು. ಮಧ್ಯಯುಗದ ಗಾಜಿನಲ್ಲಿ ಮರದ ಬೂದಿಯಿಂದ ಬಂದ ಪೊಟ್ಯಾಶ್ ಅಂಶ ಹೆಚ್ಚು. ತೇವ ತಗುಲಿದರೆ ಅದು ಕ್ರಮೇಣ ಸವೆದು ಕುಳಿ ಬೀಳುತ್ತದೆ. ಚಳಿಗಾಲದಲ್ಲಿ ಒಳಗೆ ಬೆಚ್ಚಗೆ, ಹೊರಗೆ ಹಿಮ. ಗಾಜಿನ ಒಳಮೈಯಲ್ಲಿ ಹನಿಗಟ್ಟಿದ ನೀರು ಕಪ್ಪು ರೇಖೆಗಳನ್ನು ಸಡಿಲಗೊಳಿಸುತ್ತದೆ. ಯಾರ್ಕ್‌ನ ಬಾರ್ಲಿ ಸ್ಟುಡಿಯೋ 1988ರಲ್ಲಿ ಆರಂಭಿಸಿ 2010ರಲ್ಲಿ ಮುಗಿಸಿದ ಸಂರಕ್ಷಣಾ ಕಾರ್ಯದಲ್ಲಿ ಒಂದೊಂದೇ ಕಿಟಕಿಯನ್ನು ಬಿಚ್ಚಿ, ಶುಚಿಗೊಳಿಸಿ, ಮುರಿದ ತುಂಡುಗಳನ್ನು ಜೋಡಿಸಲಾಯಿತು. ಹಳೆಯ ಚೌಕಟ್ಟಿನಲ್ಲಿ ಸಾದಾ ಗಾಜನ್ನು ಕೂರಿಸಿ, ಚಿತ್ರಗಾಜನ್ನು ಅದರಿಂದ ಸ್ವಲ್ಪ ಒಳಕ್ಕೆ, ಎರಡೂ ಬದಿಗೆ ಒಳಗಿನ ಗಾಳಿಯಾಡುವಂತೆ ತೂಗುಹಾಕಲಾಯಿತು. ಈಗ ಮಳೆಯನ್ನೂ ಚಳಿಯನ್ನೂ ತಡೆಯುವುದು ಹೊರಗಿನ ಸಾದಾ ಗಾಜು. 1500ರ ಗಾಜು ಗೋಡೆಯ ಭಾಗವಾಗಿ ದುಡಿಯುವ ಕೆಲಸದಿಂದ ನಿವೃತ್ತವಾಗಿದೆ.

ಇತರ ವೈಶಿಷ್ಟ್ಯಗಳು

ಗಾಜಿನ ಭರದಲ್ಲಿ ಉಳಿದವುಗಳ ಮೇಲೆ ಕಣ್ಣು ಹಾಯುವುದು ಕಡಿಮೆ. ಬಲಿಪೀಠದ ಅಂಕಣಕ್ಕೂ ಉತ್ತರದ ಕಿರುಮಂದಿರಕ್ಕೂ ನಡುವೆ ಜಾನ್ ಟೇಮ್ ಮತ್ತು ಅವನ ಪತ್ನಿ ಆಲಿಸ್‌ರ ಅಮೃತಶಿಲೆಯ ಸಮಾಧಿಯಿದ್ದು, ಅದರ ಮೇಲೆ ಹಿತ್ತಾಳೆಯ ತಗಡಿನಲ್ಲಿ ಇಬ್ಬರ ಆಕೃತಿಗಳನ್ನು ಕೊರೆಯಲಾಗಿದೆ. ಎಡ್ಮಂಡ್ ಮತ್ತು ಅವನ ಇಬ್ಬರು ಪತ್ನಿಯರ ಹಿತ್ತಾಳೆಫಲಕವೂ ಇಲ್ಲಿದೆ. ಕೆತ್ತನೆಯ ಮರದ ಜಾಲಂಧ್ರಗಳು ಹೆಚ್ಚು ಹಾನಿಯಿಲ್ಲದೆ ಉಳಿದಿವೆ. ಪಾದ್ರಿಗಳ ಆಸನಸಾಲಿನಲ್ಲಿ 14 ಮಿಸೆರಿಕಾರ್ಡ್‌ಗಳಿವೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತೇ ಇರಬೇಕಾದವರು ಕಂಡೂ ಕಾಣದಂತೆ ಒರಗಿಕೊಳ್ಳಲು ಮಡಚುಪೀಠದ ಅಡಿಯಲ್ಲಿ ಮಾಡಿದ ಸಣ್ಣ ಚಾಚು ಇದು. ಅದರ ಕೆಳಗೆ ಬಡಗಿಗಳು ಧರ್ಮದ ಗೋಜಿಲ್ಲದೆ ಗಂಡನನ್ನು ಥಳಿಸುವ ಹೆಂಡತಿಯಂಥ ಮನೆಮಾತಿನ ದೃಶ್ಯಗಳನ್ನು ಕೆತ್ತಿದ್ದಾರೆ.

19ನೇ ಶತಮಾನದ ಆಕ್ಸ್‌ಫರ್ಡ್ ಚಳವಳಿಯ ಮುಂದಾಳು, ಕವಿ ಜಾನ್ ಕೀಬಲ್ 1792ರಲ್ಲಿ ಜನಿಸಿದ್ದು ಇದೇ ಊರಿನಲ್ಲಿ.

ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿ ಪ್ರಥಮ ದರ್ಜೆಗೆ ಸೇರಿರುವ ಈ ಮಂದಿರ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಗ್ಲಾಸ್ಟರ್ ಧರ್ಮಪ್ರಾಂತಕ್ಕೆ ಸೇರಿದೆ. ಹೊರಗಿನ ಸ್ಮಶಾನದ ಹಳೆಯ ಸಮಾಧಿಗಳ ನಡುವೆ ಬೆಕ್ಕಿನ ಆಕಾರದ ಒಂದು ಪುಟ್ಟ ಕಲ್ಲಿದೆ. 1963ರಿಂದ 1980ರವರೆಗೆ ಚರ್ಚಿನಲ್ಲೇ ಬೆಳೆದ ಟಿಡ್ಲ್ಸ್ ಎಂಬ ಬೆಕ್ಕಿನ ನೆನಪಿಗೆ ಇಟ್ಟದ್ದು ಅದು.